60 ಕಂಪ್ಯೂಟರ್, ಒಂದೇ ಉತ್ತರ ಪತ್ರಿಕೆ

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ 60 ಕಂಪ್ಯೂಟರ್. ಎಲ್ಲದಕ್ಕೂ ಹೊಸದಾಗಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಬೇಕಿತ್ತು. ಮೊದಲ ವರ್ಷ ಮೂರು ಪೆನ್‌ಡ್ರೈವ್ ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿದೆ. ಭಾಷೆ ಯಾವುದು, ಕೀಬೋರ್ಡ್ ಯಾವುದು, ಡಿಸ್ಕ್ ಹೇಗೆ ಭಾಗ ಮಾಡಲಿ ಅಂತ ಅದೇ ಪ್ರಶ್ನೆ 60 ಸಲ. ಮೂರು ದಿನ ಹೋಯಿತು, ಕೊನೆಗೆ ನೋಡಿದರೆ ನಾಲ್ಕೈದು ಕಂಪ್ಯೂಟರಿನಲ್ಲಿ ಪಾಸ್‌ವರ್ಡೇ ಬೇರೆ!

ಮುಂದಿನ ವರ್ಷ ಡಿಸ್ಕನ್ನು ಹಾಗೇ ನಕಲು ಮಾಡುವ ಕ್ಲೋನ್‌ಝಿಲ್ಲಾ. ಒಂದು ಕಂಪ್ಯೂಟರನ್ನು ಚೆನ್ನಾಗಿ ಸಿದ್ಧ ಮಾಡಿ, ಅದರ ಇಮೇಜ್ ತೆಗೆದು ಉಳಿದವಕ್ಕೆ ಇಳಿಸಿದೆ. ಬೇಗ ಆಯಿತು, ಸುಳ್ಳು ಹೇಳಲ್ಲ. ಆದರೆ ಪ್ರತಿಯೊಂದಕ್ಕೂ ಬೇರೆ ಇರಬೇಕಾದ ಹೆಸರು, ದೂರದಿಂದ ಲಾಗಿನ್ ಆಗುವಾಗ ಗುರುತು ಹೇಳುವ ಎಸ್‌ಎಸ್‌ಎಚ್ ಕೀ, ಸಿಸ್ಟಂನ ಗುರುತು ಸಂಖ್ಯೆ ಮಷಿನ್-ಐಡಿ ಎಲ್ಲ 60ರಲ್ಲೂ ಒಂದೇ. ಅವನ್ನು ಬದಲಿಸಲು ಮತ್ತೆ ಸಾಲು ಸುತ್ತಿದೆ.

ಆಮೇಲೆ ಪ್ರಿಸೀಡ್ ಹಿಡಿದೆ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಬರೆದಿಟ್ಟ ಉತ್ತರ ಪತ್ರಿಕೆ ಅದು, ಲ್ಯಾಬಿಗೆ ಲ್ಯಾಬೇ ನೋಡಿ ಕಾಪಿ ಹೊಡೆಯುತ್ತದೆ ಅಂದುಕೊಳ್ಳಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಕಿಕ್‌ಸ್ಟಾರ್ಟ್ ಇದೆ, ಉಬುಂಟು ಸರ್ವರ್‌ನಲ್ಲಿ 20.04 ಆವೃತ್ತಿಯಿಂದ ಆಟೋಇನ್‌ಸ್ಟಾಲ್. ಪತ್ರಿಕೆಯನ್ನು ಯಾರು ಬೇಕಾದರೂ ತೆರೆದು ಓದಬಹುದು, ಹಾಗಾಗಿ ಪಾಸ್‌ವರ್ಡನ್ನು ಹ್ಯಾಶ್ ಮಾಡಿಯೇ (ಮೂಲ ಪದ ಓದಲಾಗದ ರೂಪಕ್ಕೆ ತಿರುಗಿಸಿಯೇ) ಹಾಕಿ.

ಪೆನ್‌ಡ್ರೈವ್ ಬಿಡಬೇಕು ಅಂದರೆ ಪಿಎಕ್ಸ್‌ಇ ಬೇಕು. ಕಂಪ್ಯೂಟರ್ ನೆಟ್‌ವರ್ಕಿನಿಂದಲೇ ಬೂಟ್ ಆಗುತ್ತದೆ: ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ನೆಟ್‌ವರ್ಕ್ ವಿಳಾಸ, ಫೈಲು ಕಳಿಸುವ ಟಿಎಫ್‌ಟಿಪಿಯಿಂದ ಬೂಟ್ ಫೈಲು. ಕಾಲೇಜಿನ ಡಿಎಚ್‌ಸಿಪಿ ನನ್ನ ಕೈಯಲ್ಲಿ ಇರಲಿಲ್ಲ, ಅದೇ ನೆಟ್‌ವರ್ಕಿನಲ್ಲಿ ಇನ್ನೊಂದನ್ನು ಎಬ್ಬಿಸಿದರೆ ವಿಳಾಸಗಳು ಗೊಂದಲವಾಗಿ ಇಡೀ ಕ್ಯಾಂಪಸ್ ನನ್ನ ಮೇಲೆ ಬೀಳುತ್ತಿತ್ತು. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಸರ್ವರ್ ತಂತ್ರಾಂಶದ ಪ್ರಾಕ್ಸಿ ಮೋಡ್ ಕಾಪಾಡಿತು. ಅದು ವಿಳಾಸ ಹಂಚುವುದಿಲ್ಲ, ಬೂಟ್ ಫೈಲು ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಕಂಪ್ಯೂಟರನ್ನು ಎಬ್ಬಿಸುವ ಹಳೇ ಬಯೋಸ್‌ಗೆ ಒಂದು ಫೈಲು, ಅದರ ಹೊಸ ರೂಪ ಯುಇಎಫ್‌ಐಗೆ ಇನ್ನೊಂದು. ಇದು ಗೊತ್ತಾಗಲು ಒಂದು ಮಧ್ಯಾಹ್ನ ಬೇಕಾಯಿತು.

ಡಿಸ್ಕಿನ ಹೆಸರೂ ಕಾಟ ಕೊಟ್ಟಿತು. ಪತ್ರಿಕೆಯಲ್ಲಿ ಡಿಸ್ಕಿನ ಹೆಸರು ಎಸ್‌ಡಿಎ ಅಂತ ಬರೆದಿದ್ದೆ, ಹೊಸ ಕಂಪ್ಯೂಟರುಗಳಲ್ಲಿ ಎನ್‌ವಿಎಂಇ ಎಂಬ ಬೇರೆ ಬಗೆಯ ಡಿಸ್ಕ್ ಇತ್ತು, ಅದಕ್ಕೆ ಲಿನಕ್ಸ್ ಕೊಡುವ ಹೆಸರೇ ಬೇರೆ, ಅವು ಅಲ್ಲೇ ನಿಂತವು. ಇರುವ ಡಿಸ್ಕನ್ನು ತಾನೇ ಹುಡುಕಿಕೊಳ್ಳುವ ಒಂದು ಸಾಲನ್ನು, ಡಿಸ್ಕ್ ಭಾಗ ಮಾಡುವ ಮೊದಲೇ ಓಡುವ ಅರ್ಲಿ ಕಮಾಂಡ್‌ನಲ್ಲಿ ಸೇರಿಸಿದೆ. ಪೆನ್‌ಡ್ರೈವ್ ಚುಚ್ಚಿಟ್ಟಿದ್ದರೆ ಅದನ್ನೂ ಡಿಸ್ಕ್ ಅಂದುಕೊಳ್ಳಬಹುದು, ಮೊದಲೇ ಕಿತ್ತುಬಿಡಿ.

ದೊಡ್ಡ ಎಡವಟ್ಟು ಬೇರೆಯದೇ. ಸಂಜೆ ಒಂದು ಸಾಲು ಶುರು ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಹಳೇ ಕಂಪ್ಯೂಟರುಗಳು ಇನ್ನೂ ಇನ್‌ಸ್ಟಾಲ್ ಮಾಡುತ್ತಲೇ ಇವೆ! ಅವುಗಳ ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿತ್ತು, ನನ್ನ ಬೂಟ್ ಮೆನುವಿನಲ್ಲಿ ತಾನಾಗಿ ಆಯ್ಕೆಯಾಗುವುದು ಇನ್‌ಸ್ಟಾಲ್ ಆಗಿತ್ತು, ಹಾಗಾಗಿ ಕೆಲಸ ಮುಗಿಸಿ ರೀಬೂಟ್ ಆದ ಕೂಡಲೇ ಮತ್ತೆ ಮೊದಲಿಂದ ಡಿಸ್ಕ್ ಒರೆಸುತ್ತಾ ರಾತ್ರಿಯಿಡೀ ಅದನ್ನೇ ಮಾಡಿವೆ. ಯಾರದಾದರೂ ಪ್ರಾಜೆಕ್ಟ್ ಅದರಲ್ಲಿದ್ದಿದ್ದರೆ? ಅವತ್ತಿಂದ ಮೆನುವಿನ ಮೊದಲ ಸಾಲು ಲೋಕಲ್ ಡಿಸ್ಕ್, ಇನ್‌ಸ್ಟಾಲ್‌ಗೆ ಪಾಸ್‌ವರ್ಡ್.

ಪ್ಯಾಕೇಜುಗಳಿಗೆ ಆಪ್ಟ್-ಕ್ಯಾಷರ್-ಎನ್‌ಜಿ ಇಟ್ಟೆ. ಮೊದಲ ಕಂಪ್ಯೂಟರ್ ಇಂಟರ್ನೆಟ್‌ನಿಂದ ಇಳಿಸಿಕೊಂಡದ್ದೇ ಉಳಿದವಕ್ಕೂ ಸಿಗುತ್ತದೆ. ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಹಳೆಯದು, ಅದಕ್ಕೇ ಒಂದು ಸಲಕ್ಕೆ 15 ಕಂಪ್ಯೂಟರಿನಂತೆ ಬಿಡುತ್ತೇನೆ.

ಪತ್ರಿಕೆಯ ಪ್ಯಾಕೇಜ್ ಸಾಲಿನಲ್ಲಿ ಕನ್ನಡ ಫಾಂಟ್ ಪ್ಯಾಕೇಜನ್ನೂ ಸೇರಿಸಿದ್ದೇನೆ. ಪೆನ್‌ಡ್ರೈವ್ ಕಾಲದಲ್ಲಿ ಅದನ್ನು ಮರೆತಿದ್ದೆ. ಒಬ್ಬ ಹುಡುಗ ಕನ್ನಡ ಪೇಪರ್ ತೆರೆದು, "ಸರ್, ಬರೀ ಚೌಕ ಕಾಣ್ತಿದೆ" ಅಂದಿದ್ದ.