ತಾರ್ಕೋವ್‌ಸ್ಕಿಯ ಏಳು ಚಿತ್ರ: ಯಾವ ಡಿಸ್ಕ್ ಕೊಳ್ಳಬೇಕು, ಹೇಗೆ ಕಾಪಾಡಬೇಕು

ರಷ್ಯಾದ ಸಿನಿಮಾ ನಿರ್ದೇಶಕ ಆಂಡ್ರೇ ತಾರ್ಕೋವ್‌ಸ್ಕಿ ಮಾಡಿದ್ದು ಏಳೇ ಏಳು ಪೂರ್ಣಾವಧಿ ಚಿತ್ರ. ಅಷ್ಟನ್ನು ಕೂಡಿಹಾಕುವುದು ಏನು ಮಹಾ ಅನ್ನಿಸಬಹುದು. ತೊಡಕೆಲ್ಲ ಪ್ರತಿಗಳದ್ದು. ಒಂದೇ ಹೆಸರಿನ ಚಿತ್ರ ಒಂದು ಡಿಸ್ಕಿನಲ್ಲಿ 183 ನಿಮಿಷ ಓಡುತ್ತದೆ, ಇನ್ನೊಂದರಲ್ಲಿ 205. ಒಂದರಲ್ಲಿ ನೀಲಿ ಛಾಯೆ ಇರುವ ದೃಶ್ಯ ಇನ್ನೊಂದರಲ್ಲಿ ಬರೀ ಕಪ್ಪು-ಬಿಳುಪು. ಧ್ವನಿಯನ್ನೇ ಬದಲಾಯಿಸಿದ ಡಿಸ್ಕ್ ಕೂಡ ಇದೆ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಯಾವ ಪ್ರತಿ ಅನ್ನುವುದನ್ನು ನಿರ್ಧರಿಸಿಕೊಳ್ಳಿ. ಪೆಟ್ಟಿಗೆಯ ಅಂದಚೆಂದ ಆಮೇಲಿನ ಮಾತು.

ಹಕ್ಕು ಯಾರದು, ರೀಜನ್ ಯಾವುದು

'ಇವಾನ್ಸ್ ಚೈಲ್ಡ್‌ಹುಡ್' (1962), 'ಆಂಡ್ರೇ ರುಬ್ಲೆವ್' (1966), 'ಸೊಲಾರಿಸ್' (1972), 'ಮಿರರ್' (1975), 'ಸ್ಟಾಕರ್' (1979) ಈ ಐದೂ ಮಾಸ್ಕೋದ ಮಾಸ್‌ಫಿಲ್ಮ್ ಸ್ಟುಡಿಯೋದವು. 'ನಾಸ್ಟಾಲ್ಜಿಯಾ' (1983) ಇಟಲಿಯಲ್ಲಿ ತಯಾರಾಯಿತು, 'ದಿ ಸ್ಯಾಕ್ರಿಫೈಸ್' (1986) ಸ್ವೀಡನ್ನಿನಲ್ಲಿ. ಮೂಲ ನೆಗೆಟಿವ್ ಮೂರು ದೇಶಗಳಲ್ಲಿ ಹಂಚಿಹೋಗಿರುವುದರಿಂದಲೇ ಏಳಕ್ಕೂ ಒಬ್ಬನೇ ಪ್ರಕಾಶಕ ಸಿಗುವುದು ಅಪರೂಪ. ಅಮೆರಿಕದಲ್ಲಿ ಮಾಸ್‌ಫಿಲ್ಮಿನ ಐದೂ ಕ್ರೈಟೀರಿಯನ್ ಕಂಪನಿಯಿಂದ ಬ್ಲೂ-ರೇ ಆಗಿ ಬಂದಿವೆ, ಉಳಿದೆರಡು ಕೀನೋ ಲಾರ್ಬರ್‌ನಿಂದ. ಬ್ರಿಟನ್ನಿನಲ್ಲಿ ಕರ್ಜನ್ ಆರ್ಟಿಫಿಶಿಯಲ್ ಐ ಏಳನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರಿತ್ತು.

ಇಲ್ಲಿ ನಮ್ಮವರು ಎಡವುವುದು ರೀಜನ್ ವಿಷಯದಲ್ಲಿ, ಅಂದರೆ ಒಂದು ಪ್ರದೇಶದ ಡಿಸ್ಕ್ ಆ ಪ್ರದೇಶದ ಪ್ಲೇಯರಿನಲ್ಲಷ್ಟೇ ಓಡುವಂತೆ ಹಾಕಿದ ಬೀಗದಲ್ಲಿ. ಬ್ಲೂ-ರೇಗೆ ಅಮೆರಿಕ 'ಎ', ಯುರೋಪು 'ಬಿ', ಭಾರತ 'ಸಿ'. ಇಲ್ಲಿ ಅಂಗಡಿಯಲ್ಲಿ ಕೊಂಡ ಸಾಮಾನ್ಯ ಪ್ಲೇಯರಿಗೆ ಕ್ರೈಟೀರಿಯನ್ ಡಿಸ್ಕ್ ಹಾಕಿದರೆ ಪರದೆ ಮೇಲೆ ಒಂದು ಸಾಲಿನ ಎಚ್ಚರಿಕೆ ಬಂದು ನಿಂತುಬಿಡುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೋಗಬೇಡಿ. ಡಿವಿಡಿಗೆ ಲೆಕ್ಕ ಬೇರೆ: ಅಮೆರಿಕ 1, ಪಶ್ಚಿಮ ಯುರೋಪು 2, ಭಾರತ ಮತ್ತು ರಷ್ಯಾ ಎರಡೂ 5. ರಷ್ಯಾದ ಹಳೇ ಡಿವಿಡಿ ನಮ್ಮ ಪ್ಲೇಯರಿನಲ್ಲಿ ತಕರಾರಿಲ್ಲದೆ ಓಡುವುದು ಇದರಿಂದಲೇ. ಬ್ಲೂ-ರೇಗಿಂತ ಹೆಚ್ಚು ಸ್ಪಷ್ಟತೆಯ 4ಕೆ ಯುಎಚ್‌ಡಿ ಡಿಸ್ಕಿಗೆ ರೀಜನ್ ಇಲ್ಲ, ಆದರೆ ಅದೇ ಡಬ್ಬಿಯಲ್ಲಿ ಜೊತೆಗಿರುವ ಬ್ಲೂ-ರೇಗೆ ಸಾಮಾನ್ಯವಾಗಿ ಇರುತ್ತದೆ. ಹೆಚ್ಚುವರಿ ವಿಡಿಯೋಗಳು ಎಷ್ಟೋ ಸಲ ಆ ಎರಡನೇ ಡಿಸ್ಕಿನಲ್ಲೇ ಸೇರಿಕೊಂಡಿರುತ್ತವೆ.

ಪ್ಲೇಯರ್

ಮೂರು ದಾರಿಗಳಿವೆ. ಎಲ್ಲ ರೀಜನ್ ಓದುವಂತೆ ಬದಲಾಯಿಸಿದ ಪ್ಲೇಯರ್ ಕೊಳ್ಳುವುದು ಒಳ್ಳೆಯದು. ಡಿವಿಡಿಯ ರೀಜನ್ ಬೀಗ ಎಷ್ಟೋ ಮಾಡೆಲ್‌ಗಳಲ್ಲಿ ರಿಮೋಟಿನ ಗುಪ್ತ ಸಂಖ್ಯೆಯಿಂದಲೇ ತೆರೆದುಕೊಳ್ಳುತ್ತದೆ. ಬ್ಲೂ-ರೇ ಬೀಗಕ್ಕೆ ಹೆಚ್ಚಾಗಿ ಒಳಗಡೆಯೇ ಬದಲಾವಣೆ ಆಗಬೇಕು. ಹೀಗಾಗಿ 'ರೀಜನ್ ಫ್ರೀ' ಎಂದು ಬರೆದಿದ್ದರೆ ಡಿವಿಡಿಗೆ ಮಾತ್ರವೋ ಬ್ಲೂ-ರೇಗೂ ಸೇರಿಯೋ ಎಂದು ಮಾರುವವನನ್ನು ಬಾಯಿಬಿಟ್ಟು ಕೇಳಿ. ಇಂಥ ಪ್ಲೇಯರನ್ನು ಇಂಟರ್ನೆಟ್ಟಿಗೆ ಜೋಡಿಸಿ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಮಾಡಿಸಿದ ಬದಲಾವಣೆ ಅಳಿಸಿಹೋಗಬಹುದು. ಅದರ ಸೆಟ್ಟಿಂಗಿನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ಮೊದಲ ದಿನವೇ ನಿಲ್ಲಿಸಿ.

ಎರಡನೆಯದು, ಅಮೆರಿಕದಿಂದ 'ಎ' ಪ್ಲೇಯರನ್ನೇ ತರಿಸುವುದು. ಏಳೂ ಚಿತ್ರ 'ಎ' ರೀಜನ್ನಿನಲ್ಲೇ ಸಿಗುವುದರಿಂದ ತಾರ್ಕೋವ್‌ಸ್ಕಿಯ ಮಟ್ಟಿಗೆ ಇಷ್ಟೇ ಸಾಕು. ಹಿಂಬದಿಯ ಚೀಟಿ ಓದಿ: 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಾಯಿಸಿದರೆ ಆಯಿತು. 110–120 ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕ್ಷಣವೇ ಸುಟ್ಟುಹೋಗುತ್ತದೆ. ಮೂರನೆಯದು ಕಂಪ್ಯೂಟರ್ ಡ್ರೈವ್. ಅದರಲ್ಲಿ ಡಿವಿಡಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದಕ್ಕೆ ಎಲ್ಲಿದೆಯೋ ಅಲ್ಲೇ ಖಾಯಂ. ಸುಮ್ಮನೆ ಆಡಿಸಿ ನೋಡುವ ಸಂಗತಿಯಲ್ಲ.

ಯಾವ ಚಿತ್ರಕ್ಕೆ ಯಾವ ಪ್ರತಿ

ಮೊದಲು ಅವಧಿಯ ಗೊಂದಲ ಬಿಡಿಸಿಕೊಳ್ಳೋಣ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಯುರೋಪಿನ ಟಿವಿ ಪದ್ಧತಿಯಾದ ಪ್ಯಾಲ್‌ಗೆ ಹೊಂದಿಸಿದ ಡಿವಿಡಿಗಳು ಅದನ್ನು 25ಕ್ಕೆ ಓಡಿಸುತ್ತವೆ. ಆದ್ದರಿಂದ 161 ನಿಮಿಷದ 'ಸ್ಟಾಕರ್' ಪ್ಯಾಲ್ ಡಿವಿಡಿಯಲ್ಲಿ 155ರ ಆಸುಪಾಸು ಮುಗಿಯುತ್ತದೆ. ಕತ್ತರಿ ಬಿದ್ದಿಲ್ಲ, ಓಟ ಶೇಕಡ 4ರಷ್ಟು ಜೋರಾಗಿದೆ, ಅಷ್ಟೇ. ಜೊತೆಗೆ ದನಿಯ ಶ್ರುತಿಯೂ ಏರುತ್ತದೆ. ನಿಧಾನವೇ ಪ್ರಾಣವಾಗಿರುವ ನಿರ್ದೇಶಕನ ವಿಷಯದಲ್ಲಿ ಇದು ಸಣ್ಣ ದೋಷವಲ್ಲ ಎಂದು ನಮ್ಮ ಅಭಿಪ್ರಾಯ. ಬ್ಲೂ-ರೇ 24 ಫ್ರೇಮನ್ನೇ ಇಟ್ಟುಕೊಳ್ಳುತ್ತದೆ. ಡಿವಿಡಿ ಬಿಟ್ಟು ಬ್ಲೂ-ರೇ ಹಿಡಿಯಲು ಚಿತ್ರದ ಸ್ಪಷ್ಟತೆಗಿಂತ ಇದು ದೊಡ್ಡ ಕಾರಣ.

'ಆಂಡ್ರೇ ರುಬ್ಲೆವ್'ಗೆ ನಿಜವಾಗಿಯೂ ಎರಡು ರೂಪಗಳಿವೆ. 205 ನಿಮಿಷದ್ದು ಮೊದಲ ಸಂಕಲನ, 'ದಿ ಪ್ಯಾಶನ್ ಅಕಾರ್ಡಿಂಗ್ ಟು ಆಂಡ್ರೇ' ಎಂಬ ಹೆಸರಿನದು. 183 ನಿಮಿಷದ್ದು ನಿರ್ದೇಶಕ ತಾನೇ ಮೆಚ್ಚಿ ಉಳಿಸಿಕೊಂಡದ್ದು. ಉದ್ದವಿದ್ದದ್ದೇ ಅಸಲಿ ಎಂಬ ನಂಬಿಕೆಯಿಂದ ಹಳೇ 205 ನಿಮಿಷದ ಡಿವಿಡಿಗೆ ಜನ ಮುಗಿಬೀಳುತ್ತಾರೆ. ಅದು ಬೇಡ. 2018ರ ಕ್ರೈಟೀರಿಯನ್ ಬ್ಲೂ-ರೇಯಲ್ಲಿ ಎರಡೂ ಇವೆ, ಮೊದಲು 183ರದ್ದನ್ನು ನೋಡಿ. ಡಿಪ್ಲೊಮಾಕ್ಕೆಂದು ಮಾಡಿದ 'ದಿ ಸ್ಟೀಮ್‌ರೋಲರ್ ಅಂಡ್ ದಿ ವಯಲಿನ್' ಕೂಡ ಅದೇ ಪೆಟ್ಟಿಗೆಯಲ್ಲಿ ಇರುವುದರಿಂದ ಆ ಕಿರುಚಿತ್ರಕ್ಕೆ ಬೇರೆ ಖರ್ಚು ಮಾಡಬೇಕಿಲ್ಲ.

'ಸೊಲಾರಿಸ್' ಕೊಳ್ಳುವಾಗ ವರ್ಷ ನೋಡಿ. ಕ್ರೈಟೀರಿಯನ್ನಿನ 2002ರ ಡಿವಿಡಿಯಲ್ಲಿ ನೀಲಿ ಛಾಯೆ ಇರಬೇಕಾದ ಏಕವರ್ಣದ ದೃಶ್ಯಗಳು ಬಣ್ಣ ಕಳೆದುಕೊಂಡು ಬಂದಿದ್ದವು, 2011ರ ಬ್ಲೂ-ರೇಯಲ್ಲಿ ಸರಿಪಡಿಸಿದರು. ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಅಗ್ಗಕ್ಕೆ ಕಾಣುವುದು ಹೆಚ್ಚಾಗಿ ಹಳೆಯದು.

'ಸ್ಟಾಕರ್' ಪರೀಕ್ಷೆಗೆ ಒಂದೇ ದೃಶ್ಯ ಸಾಕು. ಮೂವರು ರೈಲು ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು 'ವಲಯ' ಎಂಬ ನಿಷೇಧಿತ ಜಾಗದೊಳಕ್ಕೆ ಹೋಗುವ ಭಾಗಕ್ಕೆ ಹೋಗಿ, ಹೆಡ್‌ಫೋನ್ ಹಾಕಿಕೊಳ್ಳಿ. ಚಿತ್ರ ಕಂದು ಛಾಯೆಯಲ್ಲಿರಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ ಫಿಲ್ಮಿನಿಂದ ಡಿಸ್ಕಿಗೆ ಮಾಡಿದ ವರ್ಗಾವಣೆ ಸರಿಯಿಲ್ಲ. ತಲೆಗಳ ಹಿಂಬದಿ, ಕೆನ್ನೆ, ಕಿವಿ ಇಷ್ಟೇ ಹತ್ತಿರದಿಂದ ಕಾಣುತ್ತಿರುವಾಗ ಗಾಲಿ ಹಳಿಗೆ ಬಡಿಯುವ ಸದ್ದು ಒಂದೇ ತಾಳದಲ್ಲಿ ಬರುತ್ತಿರುತ್ತದೆ. ಸಂಗೀತ ಸಂಯೋಜಕ ಎಡ್ವರ್ಡ್ ಅರ್ತೆಮಿಯೆವ್ ಆ ಸದ್ದಿನ ಒಳಗೇ ಎಲೆಕ್ಟ್ರಾನಿಕ್ ನಾದವನ್ನು ಸೇರಿಸುತ್ತ ಹೋಗಿದ್ದಾರೆ. ಲೋಹ ಯಾವಾಗ ನಾದವಾಯಿತು ಎಂದು ಗುರುತಿಸಲು ಆಗಬಾರದು. ದೃಶ್ಯ ಮುಗಿದು ಹಸಿರು ಕಾಣಿಸಿಕೊಂಡಾಗ ಬಣ್ಣ ಒಂದೇ ಕಟ್‌ನಲ್ಲಿ ಬರಬೇಕು. ರುಸ್ಕಿಕೊ ಕಂಪನಿಯ ಡಿವಿಡಿಯಲ್ಲಿ ಮೂಲ ಮೊನೊ (ಒಂದೇ ಚಾನೆಲ್ಲಿನ) ಧ್ವನಿಯನ್ನು ಸುತ್ತಲಿನ ಸ್ಪೀಕರುಗಳಿಗೆ ಹಂಚುವ 5.1ಕ್ಕೆ ಹಿಗ್ಗಿಸಿ, ಇಲ್ಲದ ಸದ್ದು, ಸಂಗೀತ ತುಂಬಿದ್ದರು. ನೋಡುಗರು ತಿರುಗಿಬಿದ್ದ ಮೇಲೆ ಮೊನೊ ಟ್ರ್ಯಾಕನ್ನೂ ಸೇರಿಸಿದರು. ಆ ಡಿವಿಡಿ ಮನೆಯಲ್ಲಿದ್ದರೆ ಎಸೆಯಬೇಡಿ, ಆಡಿಯೋ ಮೆನುವಿನಲ್ಲಿ ರಷ್ಯನ್ ಮೊನೊ ಇದೆಯೇ ಹುಡುಕಿ. ಹೊಸದಾಗಿ ಕೊಳ್ಳುವವರಿಗೆ 2017ರ ಕ್ರೈಟೀರಿಯನ್.

'ಮಿರರ್'ನಲ್ಲಿ ನಿರ್ದೇಶಕನ ತಂದೆ ಅರ್ಸೇನಿ ತಾರ್ಕೋವ್‌ಸ್ಕಿ ತಮ್ಮ ಕವನಗಳನ್ನು ತಾವೇ ಓದುತ್ತಾರೆ. ಕವನಕ್ಕೆ ಸಬ್‌ಟೈಟಲ್ ಇಲ್ಲದ ಅಥವಾ ಅರ್ಧಂಬರ್ಧ ಇರುವ ಪ್ರತಿ ಕೊಂಡರೆ ಚಿತ್ರದ ಒಂದು ಕಾಲು ಮುರಿದ ಹಾಗೆ. 2021ರ ಎರಡು ಡಿಸ್ಕಿನ ಕ್ರೈಟೀರಿಯನ್ ಆವೃತ್ತಿಯಲ್ಲಿ ನಿರ್ದೇಶಕನ ಮಗ ಆಂಡ್ರೇ ಎ. ತಾರ್ಕೋವ್‌ಸ್ಕಿ ಮಾಡಿದ ಸಾಕ್ಷ್ಯಚಿತ್ರವೂ ಇದೆ, ಸಂಗ್ರಹದಲ್ಲಿ ಇರಲೇಬೇಕಾದದ್ದು. 'ಇವಾನ್ಸ್ ಚೈಲ್ಡ್‌ಹುಡ್'ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಯಾವ ಬ್ಲೂ-ರೇ ಆದರೂ ನಡೆಯುತ್ತದೆ.

ಕೊನೆಯ ಎರಡರಲ್ಲಿ ಉದ್ದನೆಯ ಶಾಟ್‌ಗಳೇ ಪರೀಕ್ಷೆ. 'ನಾಸ್ಟಾಲ್ಜಿಯಾ'ದಲ್ಲಿ ನೀರಿಲ್ಲದ ಕೊಳದ ಈ ದಡದಿಂದ ಆ ದಡಕ್ಕೆ ಮೇಣದಬತ್ತಿ ಒಯ್ಯುವುದು, 'ದಿ ಸ್ಯಾಕ್ರಿಫೈಸ್'ನಲ್ಲಿ ಮನೆ ಹೊತ್ತಿ ಉರಿಯುವುದು, ಎರಡೂ ಕಟ್ ಇಲ್ಲದೆ ನಿಮಿಷಗಟ್ಟಲೆ ನಡೆಯುತ್ತವೆ. ಎರಡು ಪದರದ ಡಿವಿಡಿಯಲ್ಲಿ ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಜಿಗಿಯುವಾಗ ಚಿತ್ರ ಕ್ಷಣ ತಡವರಿಸುತ್ತದೆ, ಆ ಜಿಗಿತ ಇಂಥ ಶಾಟ್ ನಡುವೆ ಬಂದರೆ ಎಲ್ಲ ಹಾಳು. 'ಸ್ಯಾಕ್ರಿಫೈಸ್'ಗೆ ಕೀನೋದ 2011ರ ಡಿಸ್ಕ್ ಬಿಟ್ಟು, ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ 4ಕೆ ಪುನರುಜ್ಜೀವನದಿಂದ ತಯಾರಾದ 2018ರದ್ದನ್ನು ತೆಗೆದುಕೊಳ್ಳಿ. 'ನಾಸ್ಟಾಲ್ಜಿಯಾ'ಕ್ಕೂ ಹಾಗೆಯೇ: 2014ರ ಬ್ಲೂ-ರೇಗಿಂತ ಈಚಿನ 4ಕೆ ಪುನರುಜ್ಜೀವನದ ಪ್ರತಿ ಮೇಲು.

ಎಲ್ಲ ಆದಮೇಲೆ ಚೂರುಪಾರು. 1956ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಗೆಳೆಯರ ಜೊತೆ ಮಾಡಿದ 'ದಿ ಕಿಲ್ಲರ್ಸ್' ಕಿರುಚಿತ್ರ ತಾರ್ಕೋವ್‌ಸ್ಕಿ ಹೆಸರಿನ ಯಾವ ಪೆಟ್ಟಿಗೆಯಲ್ಲೂ ಹುಡುಕಬೇಡಿ. ಅದೇ ಕಥೆಯ ಮೇಲಿನ 1946 ಮತ್ತು 1964ರ ಹಾಲಿವುಡ್ ಚಿತ್ರಗಳ ಕ್ರೈಟೀರಿಯನ್ ಸೆಟ್‌ನಲ್ಲಿ ಹೆಚ್ಚುವರಿಯಾಗಿ ಕೂತಿದೆ. 1983ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿಗೆ ನಿರ್ದೇಶಿಸಿದ 'ಬೋರಿಸ್ ಗೊಡುನೊವ್' ಒಪೆರಾವನ್ನು ಅವರು ತೀರಿಕೊಂಡ ಮೇಲೆ, 1990ರಲ್ಲಿ, ಲೆನಿನ್‌ಗ್ರಾಡಿನ ಕಿರೋವ್ ರಂಗಮಂದಿರದಲ್ಲಿ ಚಿತ್ರೀಕರಿಸಿದ್ದಾರೆ. ಅದೂ ಡಿವಿಡಿಯಲ್ಲಿದೆ.

ಕೊಳ್ಳುವ ಕ್ರಮ

ಕೈಯಲ್ಲಿರುವುದು 'ಬಿ' ಪ್ಲೇಯರ್ ಆದರೆ ಬ್ರಿಟಿಷ್ ಪೆಟ್ಟಿಗೆ ಒಂದೇ ಏಟಿಗೆ ಕೆಲಸ ಮುಗಿಸುತ್ತದೆ. 'ಎ' ಆದರೆ ಬಿಡಿಬಿಡಿಯಾಗಿ: ಮೊದಲು 'ಸ್ಟಾಕರ್', 'ಮಿರರ್', ಆಮೇಲೆ 'ರುಬ್ಲೆವ್', ಉಳಿದವು ಬೆಲೆ ಇಳಿದಾಗ. ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಮಳಿಗೆಗಳು ವರ್ಷವರ್ಷ ಜುಲೈ ಮತ್ತು ನವೆಂಬರ್ ಸುಮಾರಿಗೆ ಕ್ರೈಟೀರಿಯನ್ ಡಿಸ್ಕುಗಳನ್ನು ಅರ್ಧ ಬೆಲೆಗೆ ಕೊಡುತ್ತ ಬಂದಿವೆ. ಅಲ್ಲಿರುವ ಅಕ್ಕನೋ ಭಾವನೋ ಡಿಸೆಂಬರಿನಲ್ಲಿ ಊರಿಗೆ ಬರುವವರಾದರೆ ನವೆಂಬರ್‌ನದು ಹೇಳಿಮಾಡಿಸಿದ ಹಾಗೆ. ಕೊರಿಯರ್‌ನಲ್ಲಿ ತರಿಸಿದರೆ ಡಿಸ್ಕಿನ ಬೆಲೆಯ ಮೇಲೆ ಸುಂಕ, ಐಜಿಎಸ್‌ಟಿ, ಕೊರಿಯರಿನವರ ನಿರ್ವಹಣಾ ಶುಲ್ಕ ಎಲ್ಲ ಸೇರುತ್ತದೆ. ಇವನ್ನು ಕೂಡಿಸಿದ ಮೇಲೆಯೇ ಅಗ್ಗವೋ ತುಟ್ಟಿಯೋ ಲೆಕ್ಕಹಾಕಿ.

ಮಾಸ್‌ಫಿಲ್ಮ್ ತನ್ನ ಚಿತ್ರಗಳನ್ನು ಯೂಟ್ಯೂಬ್ ಚಾನೆಲ್ಲಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಬಿಟ್ಟಿದೆ. ಮೂರು ಸಾವಿರ ರೂಪಾಯಿ ಸುರಿಯುವ ಮೊದಲು ಅಲ್ಲಿ ಒಮ್ಮೆ ನೋಡಿ, ಎರಡನೇ ಸಲ ನೋಡಬೇಕೆನಿಸಿದ್ದನ್ನು ಮಾತ್ರ ಕೊಳ್ಳಿ.

ನಕಲಿ ಹಿಡಿಯುವುದು ಕಷ್ಟವಲ್ಲ. ಒತ್ತಿ ತಯಾರಿಸಿದ ಡಿವಿಡಿಯ ತಳ ಬೆಳ್ಳಿ ಅಥವಾ ತೆಳು ಚಿನ್ನದ ಬಣ್ಣ; ಮನೆಯಲ್ಲಿ ಬರ್ನ್ ಮಾಡಿದ್ದರೆ ನೇರಳೆ ಹೊಡೆಯುತ್ತದೆ. ನಡುವಿನ ತೂತಿನ ಸುತ್ತ ಕಾರ್ಖಾನೆಯ ಸಂಕೇತಾಕ್ಷರಗಳು ಇರಬೇಕು. 'ಏಳೂ ಚಿತ್ರ ಎರಡೇ ಡಿಸ್ಕಿನಲ್ಲಿ' ಎಂದರೆ ಮಾತೇ ಬೇಡ: ಸಾವಿರ ನಿಮಿಷದ ಹತ್ತಿರದ ಚಿತ್ರವನ್ನು ಅಷ್ಟರಲ್ಲಿ ತುರುಕಿದರೆ ಮಂಜು, ಹೊಗೆ, ಕತ್ತಲೆ ಎಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ, ಮತ್ತು ಈ ಚಿತ್ರಗಳಲ್ಲಿ ಇರುವುದೇ ಅವು.

ಟಿವಿ ಸೆಟ್ಟಿಂಗ್

ಪ್ಲೇಯರಿನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮ್) ಔಟ್‌ಪುಟ್ ಆನ್ ಮಾಡಿ. ಟಿವಿಯಲ್ಲಿ ಮೋಶನ್ ಸ್ಮೂತಿಂಗ್ (ನಡುವೆ ಕೃತಕ ಫ್ರೇಮ್ ತುಂಬಿ ಚಲನೆ ನಯಮಾಡುವುದು) ಪೂರ್ತಿ ಆಫ್, ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಅದರ ಹತ್ತಿರಕ್ಕೆ. 'ಇವಾನ್ಸ್ ಚೈಲ್ಡ್‌ಹುಡ್', 'ಮಿರರ್', 'ಸ್ಟಾಕರ್' ಎತ್ತರಕ್ಕಿಂತ ಅಗಲ 1.37 ಪಟ್ಟು ಇರುವ ಅನುಪಾತದವು, ಎಡಬಲ ಕಪ್ಪು ಪಟ್ಟಿ ಇರುವುದೇ ಸರಿ, ಹಿಗ್ಗಿಸಬೇಡಿ. 'ರುಬ್ಲೆವ್', 'ಸೊಲಾರಿಸ್' 2.35, ಪಟ್ಟಿ ಮೇಲೆ ಕೆಳಗೆ ಬರುತ್ತದೆ. ನಾಲ್ಕೂ ಕಡೆ ಕಪ್ಪು ಸುತ್ತಿಕೊಂಡಿದ್ದರೆ ಅದು ಕಪ್ಪು ಪಟ್ಟಿಯನ್ನು ಚಿತ್ರದೊಳಗೇ ಸೇರಿಸಿಬಿಟ್ಟ ಹಳೇ ಲೆಟರ್‌ಬಾಕ್ಸ್ ಡಿವಿಡಿ, ಟಿವಿಯ ತಪ್ಪಲ್ಲ.

ಬಂದ ಮೇಲೆ, ಮಳೆಗಾಲದಲ್ಲಿ

ವಾಪಸಾತಿ ಗಡುವಿನೊಳಗೆ ಪ್ರತಿ ಡಿಸ್ಕನ್ನೂ ಕೊನೆತನಕ ಓಡಿಸಿ. ದೋಷ ಹೆಚ್ಚಾಗಿ ಡಿಸ್ಕಿನ ಹೊರ ಅಂಚಿನಲ್ಲಿ ಕಾಣಿಸಿಕೊಳ್ಳುವುದರಿಂದ ಮೊದಲ ಹತ್ತು ನಿಮಿಷ ನೋಡಿ ತೃಪ್ತಿಪಟ್ಟರೆ ಸಿಕ್ಕಿಬೀಳುತ್ತೀರಿ. ಪೆಟ್ಟಿಗೆ ಸೆಟ್ ಆದರೆ ಒಂದೇ ಡಿಸ್ಕ್ ಎರಡು ಸಲ ಬಂದಿಲ್ಲ ತಾನೇ ಎಂದು ಎಣಿಸಿ.

ಮಲೆನಾಡು, ಕರಾವಳಿಯಲ್ಲಿ ವೈರಿ ಬೂಷ್ಟು. ಡಿಸ್ಕಿಗಿಂತ ಮೊದಲು ಅದು ಹತ್ತುವುದು ಒಳಗಿನ ಕಾಗದದ ಪುಸ್ತಿಕೆಗೆ, ರಟ್ಟಿನ ಡಬ್ಬಿಗೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಡಬ್ಬಿಯ ನಡುವಿನ ಹಲ್ಲು ಮುರಿದು ಡಿಸ್ಕ್ ಒಳಗೇ ಅಲ್ಲಾಡಿ ಗೀರು ಬೀಳುತ್ತದೆ.

ಒರೆಸುವಾಗ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಸುತ್ತಿನಲ್ಲಿ ಒರೆಸಿದರೆ ಗೀರು ದತ್ತಾಂಶದ ಸುರುಳಿಯ ಉದ್ದಕ್ಕೇ ಬಿದ್ದು ಓದಲಾಗದ ಭಾಗ ದೊಡ್ಡದಾಗುತ್ತದೆ. ಅಡ್ಡಗೀರನ್ನು ಪ್ಲೇಯರ್ ದಾಟಿಕೊಂಡು ಹೋಗಬಲ್ಲದು. ಬೂಷ್ಟು ಬಿಡದಿದ್ದರೆ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್. ಬ್ಲೂ-ರೇಯ ದತ್ತಾಂಶ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲಷ್ಟೇ ಇದೆ, ಡಿವಿಡಿಯದು 0.6ರಲ್ಲಿ. ಗಟ್ಟಿ ಲೇಪನವಿದ್ದರೂ ಅದನ್ನು ಉಜ್ಜುವುದು, ಡಿವಿಡಿ ಪಾಲಿಶ್ ಮಾಡುವ ಯಂತ್ರಕ್ಕೆ ಕೊಡುವುದು ಕೂಡದು.