ಕಂತು ಇಳಿಸಲಿಲ್ಲ, ಸಾಲ ಇಳಿಸಿದೆವು: ಕಾರ್ ಲೋನ್ ಬದಲಿಸಿದ ನನ್ನ ಅನುಭವ

2023ರ ಮಾರ್ಚ್‌ನಲ್ಲಿ ದಾವಣಗೆರೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡಿಸೈರ್ ತೆಗೆದುಕೊಂಡೆ. 5 ಲಕ್ಷ ಸಾಲ ಬೇಕಿತ್ತು. ಬ್ಯಾಂಕಿನಲ್ಲಿ ಕೇಳಿದರೆ ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ಕಟ್ಟಿದ್ದೇವೆ ಅಂತ ನೋಡಿ ಕೊಡುವ ಅಂಕ) 648 ಇದೆ, ಆಗಲ್ಲ ಅಂದರು. ಲಾಕ್‌ಡೌನ್ ಸಮಯದಲ್ಲಿ ನನ್ನ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಒಂದು ಕ್ರೆಡಿಟ್ ಕಾರ್ಡ್ ಬಾಕಿ ಉಳಿದು, ಕೊನೆಗೆ ಒಂದು ಪಾಲು ಮಾತ್ರ ಕಟ್ಟಿ ಸೆಟ್ಲ್‌ಮೆಂಟ್ ಮಾಡಿಕೊಂಡಿದ್ದೆ. ಮೊಬೈಲ್ ಸಾಲದ ಎರಡು ಕಂತೂ ಬೌನ್ಸ್ ಆಗಿದ್ದವು. ಸ್ಕೋರ್ ಬಿದ್ದಿದ್ದು ಅಲ್ಲೇ.

ಕೊನೆಗೆ ಒಂದು ಫೈನಾನ್ಸ್ ಕಂಪನಿಯವರು ಸಾಲ ಕೊಟ್ಟರು. "ಹತ್ತು ಪರ್ಸೆಂಟ್ ಬಡ್ಡಿ ಸರ್, ಐದು ವರ್ಷ, ತಿಂಗಳಿಗೆ 12,500" ಅಂದರು. ಹತ್ತು ಪರ್ಸೆಂಟ್ ಅಂದರೆ ಪರವಾಗಿಲ್ಲ ಅನ್ನಿಸಿ ಸಹಿ ಮಾಡಿದೆ.

2024ರ ಮೇ ತಿಂಗಳಲ್ಲಿ, 14 ಕಂತು ಮುಗಿದ ಮೇಲೆ, ಸುಮ್ನೆ ಒಂದು ಸ್ಟೇಟ್‌ಮೆಂಟ್ ತರಿಸಿದೆ. ಅಷ್ಟರಲ್ಲಿ 1,75,000 ಕಟ್ಟಿದ್ದೆ. ಅಸಲಿನಲ್ಲಿ ಇಳಿದಿದ್ದು ಸುಮಾರು 82,000 ಮಾತ್ರ. ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ ಹತ್ತು ಪರ್ಸೆಂಟ್ 'ಫ್ಲ್ಯಾಟ್' ದರ. ಅಂದರೆ ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ, ಬಡ್ಡಿಯನ್ನು ಮಾತ್ರ ಐದು ವರ್ಷವೂ ಪೂರ್ತಿ 5 ಲಕ್ಷದ ಮೇಲೇ ಲೆಕ್ಕ ಹಾಕಿರುತ್ತಾರೆ. ಬ್ಯಾಂಕುಗಳು ಹೇಳುವ ರೀತಿಯಲ್ಲಿ, ಇಳಿಯುವ ಅಸಲಿನ ಮೇಲೆ ('ರೆಡ್ಯೂಸಿಂಗ್' ದರದಲ್ಲಿ) ಲೆಕ್ಕ ಹಾಕಿದರೆ ಇದು 17 ಪರ್ಸೆಂಟ್ ದಾಟುತ್ತದೆ. ನೀವು ಸಾಲ ಕೇಳಲು ಹೋದಾಗ ಮೊದಲು ಇದನ್ನೇ ಕೇಳಿ: ಫ್ಲ್ಯಾಟಾ, ರೆಡ್ಯೂಸಿಂಗಾ?

ಬೇರೆ ಕಡೆಗೆ ಸಾಲ ವರ್ಗಾಯಿಸಬೇಕು ಅಂತ ನಿರ್ಧರಿಸಿದೆ. ಆದರೆ ಅವಸರ ಮಾಡಿದೆ. ಒಂದೇ ವಾರದಲ್ಲಿ ನಾಲ್ಕು ಆ್ಯಪ್‌ಗಳಲ್ಲಿ ಅರ್ಜಿ ಹಾಕಿದೆ. ನಾಲ್ಕೂ ಕಡೆ ರಿಜೆಕ್ಟ್ ಆಯಿತು. ಸಾಲ ಕೊಡುವವರು ನಮ್ಮ ಕ್ರೆಡಿಟ್ ರಿಪೋರ್ಟ್ (ನಮ್ಮ ಸಾಲಗಳ ದಾಖಲೆ) ತೆಗೆದಾಗಲೆಲ್ಲ ಅದು ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಹತ್ತಿರ ಹತ್ತಿರ ನಾಲ್ಕು ಎನ್‌ಕ್ವೈರಿ ಕಂಡರೆ, ಇವನಿಗೆ ದುಡ್ಡಿನ ಅಡಚಣೆ ಇದೆ ಅಂತ ಮುಂದಿನವರು ಅಂದುಕೊಳ್ಳುತ್ತಾರೆ. ನಮ್ಮ ಸ್ಕೋರನ್ನು ನಾವೇ ನೋಡಿಕೊಂಡರೆ ಮಾತ್ರ ಏನೂ ಕಡಿಮೆ ಆಗುವುದಿಲ್ಲ. ಈ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ಕೂತು ರಿಪೋರ್ಟ್ ತೆಗೆದೆ. ನಮ್ಮ ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ಈ ರಿಪೋರ್ಟ್ ಕೊಡುವ ನಾಲ್ಕು ಕಂಪನಿಗಳಿವೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಸ್ಕೋರ್ ಒಂದನ್ನೇ ನೋಡಿ ಮುಚ್ಚಿಡಬೇಡಿ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಎಷ್ಟು ದಿನ ತಡ ಆಗಿದೆ ಅಂತ ಇರುತ್ತದೆ. ಅದನ್ನು ಸಾಲು ಸಾಲಾಗಿ ಓದಿ.

ನನ್ನದರಲ್ಲಿ ಎರಡು ವಿಷಯ ಸಿಕ್ಕಿತು. ಒಂದು, ಕಾರ್ಡ್ 'ಸೆಟಲ್ಡ್' ಅಂತ ಇತ್ತು. ಬಾಕಿ 38,000ಕ್ಕೆ 20,000 ಕಟ್ಟಿದ ಮೇಲೆ ಎಲ್ಲ ಮುಗಿಯಿತು ಅಂತ ನಾನು ತಿಳಿದಿದ್ದೆ. ಸಾಲ ಕೊಡುವವರ ಕಣ್ಣಿಗೆ ಆ ಪದ ಕಂಡರೆ, ಪೂರ್ತಿ ಕಟ್ಟದೆ ಬಿಟ್ಟವನು ಅಂತಲೇ ಅರ್ಥ. ಉಳಿದ 18,000 ಹೊಂದಿಸಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಂಡೆ. ಅದು 'ಕ್ಲೋಸ್ಡ್' ಅಂತ ಬದಲಾಯಿತು. ಎರಡು, ಯಾವತ್ತೋ ತೀರಿಸಿದ ಮೊಬೈಲ್ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿತ್ತು. ಅದಕ್ಕೆ ಆನ್‌ಲೈನ್‌ನಲ್ಲೇ ತಕರಾರು ಹಾಕಿದೆ. ಇಂಥ ದೂರನ್ನು 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನನ್ನದು 30 ದಿನಕ್ಕೂ ಮೊದಲೇ ಸರಿಯಾಯಿತು. ಇನ್ನೊಂದು ಕಾರ್ಡಿನಲ್ಲಿ ಲಿಮಿಟ್ ಪೂರ್ತಿ ಬಳಸುತ್ತಿದ್ದೆ, ಅದನ್ನೂ ಕಡಿಮೆ ಮಾಡಿದೆ. ಕಾರಿನ ಕಂತು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಆಗಸ್ಟ್ ಕೊನೆಗೆ ಸ್ಕೋರ್ 709 ಆಯಿತು. ತುಂಬಾ ಒಳ್ಳೆಯದೇನಲ್ಲ, ಆದರೆ ಮಾತಾಡಲು ಬಾಗಿಲು ತೆರೆಯಿತು.

ಈ ಸಲ ಆ್ಯಪ್ ಹತ್ತಿರ ಹೋಗಲಿಲ್ಲ. ನನ್ನ ಅಂಗಡಿಯ ಖಾತೆ 11 ವರ್ಷದಿಂದ ಇರುವ ಬ್ಯಾಂಕ್ ಶಾಖೆಗೇ ಹೋದೆ. ಎರಡು ವರ್ಷದ ಐಟಿ ರಿಟರ್ನ್ಸ್, ಜಿಎಸ್‌ಟಿ ಕಾಗದ, ಶುರುವಿನಿಂದಲೂ ಕಾರಿನ ಕಂತು ತಪ್ಪದೆ ಹೋಗಿರುವ ಸ್ಟೇಟ್‌ಮೆಂಟ್ ಎಲ್ಲ ಮುಂದಿಟ್ಟೆ. ಕಾರ್ಡ್ ವಿಷಯವನ್ನು ಅವರು ಕೇಳುವ ಮೊದಲೇ ನಾನೇ ಹೇಳಿದೆ. ಮ್ಯಾನೇಜರ್ ಸಮಾಧಾನವಾಗಿ ಕೇಳಿಸಿಕೊಂಡರು. "ಮೇಡಂ ಅವರನ್ನು ಕೋ-ಅಪ್ಲಿಕೆಂಟ್ ಮಾಡ್ತೀರಾ ಸರ್?" ಅಂದರು. ನನ್ನ ಹೆಂಡತಿ ಹೈಸ್ಕೂಲ್ ಟೀಚರ್, ಅವಳ ಸ್ಕೋರ್ ಚೆನ್ನಾಗಿತ್ತು. ಇದರಿಂದಲೇ 12.25 ಪರ್ಸೆಂಟ್‌ಗೆ ಸಾಲ ಸಿಕ್ಕಿತು, ಅದೂ ರೆಡ್ಯೂಸಿಂಗ್ ಲೆಕ್ಕದಲ್ಲಿ. ಆದರೆ ಕೋ-ಅಪ್ಲಿಕೆಂಟ್ (ಜೊತೆಗೆ ಅರ್ಜಿ ಹಾಕುವವರು) ಅಂದರೆ ಬರೀ ಸಹಿ ಅಲ್ಲ. ನಾನು ಕಂತು ತಪ್ಪಿಸಿದರೆ ಅವಳ ಸ್ಕೋರೂ ಬೀಳುತ್ತದೆ. ಮನೆಯಲ್ಲಿ ಅದನ್ನು ಬಿಡಿಸಿ ಹೇಳಿದ ಮೇಲೆಯೇ ಅವಳ ಸಹಿ ಹಾಕಿಸಿದೆ.

ಇನ್ನು ಲೆಕ್ಕ. ಇದೇ ಮುಖ್ಯ, ಸ್ವಲ್ಪ ತಾಳ್ಮೆಯಿಂದ ಓದಿ. ಸೆಪ್ಟೆಂಬರ್‌ನಲ್ಲಿ 18 ಕಂತು ಮುಗಿದಾಗ ಬಾಕಿ ಅಸಲು ಸುಮಾರು 3,92,000. ಹಳೆಯ ಸಾಲದಲ್ಲೇ ಇದ್ದರೆ ಇನ್ನೂ 42 ಕಂತು, ಒಟ್ಟು 5,25,000 ಕಟ್ಟಬೇಕು. ಮೊದಲೇ ಮುಗಿಸಿದರೆ ಫೋರ್‌ಕ್ಲೋಷರ್ ಚಾರ್ಜ್ 4 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದೇ 18,500 ಆಯಿತು. ಫ್ಲೋಟಿಂಗ್ (ಆಗಾಗ ಏರಿಳಿಯುವ) ದರದ ಸಾಲವಾಗಿದ್ದರೆ ನಮ್ಮಂಥ ವೈಯಕ್ತಿಕ ಸಾಲಗಾರರಿಂದ ಇದನ್ನು ತೆಗೆದುಕೊಳ್ಳುವಂತಿಲ್ಲ. ಕಾರ್ ಸಾಲ ಹೆಚ್ಚಾಗಿ ಫಿಕ್ಸೆಡ್ ದರದ್ದು, ಹಾಗಾಗಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಪ್ರೊಸೆಸಿಂಗ್ ಫೀ, ಸ್ಟಾಂಪ್, ಆರ್‌ಟಿಒ ಖರ್ಚು ಇನ್ನೊಂದು 6,000. ಒಟ್ಟು ಕೈಯಿಂದ ಹೋಗುವುದು 24,500.

ಬ್ಯಾಂಕಿಗೆ ಫೈಲ್ ತರುವ ಏಜೆಂಟ್ ಒಬ್ಬರು ಹೇಳಿದರು, "ಸರ್, 60 ತಿಂಗಳಿಗೆ ಮಾಡಿಸಿ, ಕಂತು 8,769ಕ್ಕೆ ಇಳಿಯುತ್ತೆ." ತಿಂಗಳಿಗೆ 3,700 ಉಳಿತಾಯ! ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ನಾನೂ ಒಪ್ಪುವವನಿದ್ದೆ. ಮನೆಗೆ ಬಂದು 8,769ನ್ನು 60ರಿಂದ ಗುಣಿಸಿದೆ. 5,26,000 ಬಂತು. ಹಳೆಯ ಸಾಲದಲ್ಲಿ ಉಳಿದಿದ್ದಕ್ಕಿಂತ ಜಾಸ್ತಿ! ಮೇಲೆ 24,500 ಖರ್ಚು ಬೇರೆ, ಸಾಲದ ಅವಧಿಯೂ ಒಂದೂವರೆ ವರ್ಷ ಜಾಸ್ತಿ.

ಅದೇ 42 ತಿಂಗಳಿಗೆ ಮಾಡಿದರೆ ಕಂತು 11,524. ಖರ್ಚು ಕಳೆದು ಉಳಿಯುವುದು 16,500 ಮಾತ್ರ. ಇಷ್ಟಕ್ಕೆ ಇಷ್ಟೊಂದು ಓಡಾಟವಾ ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಗ ನನ್ನ ಹೆಂಡತಿ ಕೇಳಿದಳು: "ರೀ, ಒಂದೂವರೆ ವರ್ಷದಿಂದ 12,500 ಕಟ್ಟಿಕೊಂಡೇ ಬಂದಿದ್ದೀವಲ್ಲ. ಕಂತು ಯಾಕೆ ಇಳಿಸಬೇಕು? ತಿಂಗಳು ಕಡಿಮೆ ಮಾಡೋಣ."

36 ತಿಂಗಳಿಗೆ ಹಾಕಿ ನೋಡಿದೆವು. ಕಂತು 13,067. ಹಳೆಯದಕ್ಕಿಂತ 567 ರೂಪಾಯಿ ಜಾಸ್ತಿ. ಆದರೆ ಒಟ್ಟು 4,70,400. ಎಲ್ಲ ಖರ್ಚು ಕಳೆದ ಮೇಲೂ 30,000 ಉಳಿಯುತ್ತದೆ, ಆರು ತಿಂಗಳು ಮೊದಲೇ ಸಾಲ ಮುಗಿಯುತ್ತದೆ. ಅದನ್ನೇ ಮಾಡಿದೆವು. 24,500ನ್ನು ಹೊಸ ಸಾಲಕ್ಕೆ ಸೇರಿಸದೆ ಕೈಯಿಂದಲೇ ಕೊಟ್ಟೆವು. ಸೇರಿಸಿದ್ದರೆ ಅದಕ್ಕೂ ಬಡ್ಡಿ ಕಟ್ಟಬೇಕಿತ್ತು.

ನಿಮ್ಮ ಸಾಲದ ಕೊನೆಯ ಒಂದೂವರೆ ವರ್ಷ ಮಾತ್ರ ಉಳಿದಿದ್ದರೆ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬಡ್ಡಿಯ ಬಹುಪಾಲು ಅಷ್ಟರಲ್ಲಿ ಕಟ್ಟಿ ಆಗಿರುತ್ತದೆ. ಸಾಲ ಬದಲಿಸಿ ಉಳಿಸುವ ಬಡ್ಡಿಯನ್ನು ಚಾರ್ಜೇ ನುಂಗಿಬಿಡುತ್ತದೆ.

ಕಾಗದದ ಕೆಲಸ ಹೀಗಾಯಿತು. ಫೈನಾನ್ಸ್ ಕಂಪನಿಯಿಂದ ಫೋರ್‌ಕ್ಲೋಷರ್ ಲೆಟರ್ ತಂದೆ. ಅದರಲ್ಲಿರುವ ಮೊತ್ತ ಒಂದು ನಿರ್ದಿಷ್ಟ ದಿನದವರೆಗೆ ಮಾತ್ರ. ದಾಟಿದರೆ ದಿನದ ಬಡ್ಡಿ ಸೇರುತ್ತದೆ, ಅದಕ್ಕೇ ಬ್ಯಾಂಕ್ ಮಂಜೂರು ಮಾಡಿದ ಮೇಲೆ ತರಿಸುವುದು ಒಳ್ಳೆಯದು. ಬ್ಯಾಂಕ್ ನೇರವಾಗಿ ಅವರ ಖಾತೆಗೆ ಹಣ ಹಾಕಿತು. ಎನ್‌ಒಸಿ (ತಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬರಲು ಮೂರು ವಾರ ಬೇಕಾಯಿತು, ನಾನು ಎರಡು ಸಲ ಬರವಣಿಗೆಯಲ್ಲಿ ಕೇಳಬೇಕಾಯಿತು. ಅಷ್ಟರಲ್ಲಿ ಅಕ್ಟೋಬರ್ ಕಂತು 12,500 ನನ್ನ ಖಾತೆಯಿಂದ ಮತ್ತೆ ಕಟ್ ಆಯಿತು! ಸಾಲ ಮುಗಿದರೂ ಆಟೊ ಡೆಬಿಟ್ ರದ್ದಾಗಿರಲಿಲ್ಲ. ವಾಪಸ್ ಬಂತು, ಆದರೆ 20 ದಿನ ಓಡಾಡಿಸಿದರು. ಸಾಲ ಮುಗಿಸಿದ ದಿನವೇ ನಿಮ್ಮ ಬ್ಯಾಂಕಿನಲ್ಲಿ ಆ ಮ್ಯಾಂಡೇಟ್ (ಆಟೊ ಡೆಬಿಟ್‌ಗೆ ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ.

ಆರ್‌ಟಿಒದಲ್ಲಿ ಹಳೆಯವರ ಎಚ್‌ಪಿ (ಆರ್‌ಸಿಯಲ್ಲಿರುವ ಸಾಲ ಕೊಟ್ಟವರ ನಮೂದು) ತೆಗೆಸಲು ಫಾರಂ 35, ಹೊಸ ಬ್ಯಾಂಕಿನ ಹೆಸರು ಸೇರಿಸಲು ಫಾರಂ 34. ಜೊತೆಗೆ ಎನ್‌ಒಸಿ, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್. ಇನ್ಶೂರೆನ್ಸ್ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಬದಲಿಸಲು ಮರೆಯಬೇಡಿ. ಅಪಘಾತವಾಗಿ ಕ್ಲೇಮ್ ಮಾಡುವ ಹೊತ್ತಿಗೆ ಹಳೆಯ ಹೆಸರಿದ್ದರೆ ತೊಂದರೆ.

ಎರಡು ತಿಂಗಳು ಬಿಟ್ಟು ಮತ್ತೆ ರಿಪೋರ್ಟ್ ತೆಗೆದೆ. ಹಳೆಯ ಕಾರ್ ಸಾಲದ ಎದುರು 'ಕ್ಲೋಸ್ಡ್' ಅಂತ ಇತ್ತು, ಬಾಕಿ ಸೊನ್ನೆ. ಕೆಳಗೆ ಹೊಸ ಸಾಲದ ಮೊದಲ ಕಂತು ಸರಿಯಾದ ದಿನಕ್ಕೆ ಸಂದಾಯವಾಗಿದ್ದು ದಾಖಲಾಗಿತ್ತು. ಇಬ್ಬರೂ ಕೂತು ಎರಡು ಸಲ ಓದಿದೆವು.