ಮೂಗು ಬಿಡಿ, ವಸಡು ನೋಡಿ

ನಾಯಿ ಮಂಕಾದರೆ ನಾವು ಮೊದಲು ಮುಟ್ಟಿ ನೋಡುವುದು ಮೂಗನ್ನು. ಅದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ನಿದ್ದೆಯಿಂದ ಎದ್ದ ಗಟ್ಟಿಮುಟ್ಟಾದ ನಾಯಿಯ ಮೂಗೂ ಒಣಗಿರುತ್ತದೆ.

ಮೊದಲು ಮೇಲ್ತುಟಿ ಎತ್ತಿ ವಸಡು ನೋಡಿ. ನಸುಗೆಂಪಾಗಿ, ಒದ್ದೆಯಾಗಿರಬೇಕು. ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿಕೊಂಡಿದ್ದರೆ, ಹಳದಿಯಾಗಿದ್ದರೆ, ನೀಲಿಗಟ್ಟಿದ್ದರೆ ಅವತ್ತೇ ಡಾಕ್ಟರ ಬಳಿ ಹೋಗಿ. ಕೆಲವು ನಾಯಿಗಳ ವಸಡೇ ಕಪ್ಪು. ಅವುಗಳ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗ ನೋಡಿ.

ಆಮೇಲೆ ಉಸಿರು. ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ತೋರಿಸಬೇಕು. ಬೆಕ್ಕು ಸುಮ್ಮನೆ ಕೂತಲ್ಲೇ ಬಾಯಿ ತೆರೆದು ಉಸಿರಾಡುತ್ತಿದೆಯಾ? ಎಣಿಸುತ್ತಾ ಕೂರಬೇಡಿ, ಹೊರಡಿ.

ಜ್ವರ ನೋಡಲು ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿಡಬೇಕು. ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿ, ಬೆಕ್ಕುಗಳಿಗೆ ಸಹಜ. ನಮ್ಮ ಲೆಕ್ಕ ಹಾಕಿ ಗಾಬರಿಯಾಗಬೇಡಿ.

ನಮ್ಮ ನಾಯಿ ಎರಡು ದಿನ ಊಟ ಬಿಟ್ಟಾಗ ಸೆಕೆಗೆ ಇರಬೇಕು ಅಂತ ಸುಮ್ಮನಿದ್ದೆ. ಮೂರನೇ ದಿನ ಹೊಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿಗಳು ಕಂಡವು. ಸೊಳ್ಳೆ ಕಚ್ಚಿದ್ದು ಅಂದುಕೊಂಡೆ. ಒತ್ತಿದರೂ ಮಾಸಲಿಲ್ಲ. ಚರ್ಮದಡಿ ರಕ್ತ ಒಸರಿತ್ತು. ರಕ್ತಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಇಳಿದಿತ್ತು: ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಟಿಕ್ ಫೀವರ್. ಮೂಗಿನಿಂದ ರಕ್ತ ಬರುವುದೂ ಇದರ ಲಕ್ಷಣವೇ. ಮೈಮೇಲೆ ಈಗ ಉಣ್ಣೆ ಕಾಣದಿದ್ದರೂ ರೋಗ ಇರಬಹುದು. ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಕೊಡುತ್ತಾರೆ. ವಾರದಲ್ಲೇ ನಾಯಿ ಕುಣಿದಾಡುತ್ತದೆ. ಮಾತ್ರೆ ನಿಲ್ಲಿಸುವ ತಪ್ಪು ಆಗುವುದು ಆಗಲೇ.

ಗಂಡುಬೆಕ್ಕಿನ ವಿಷಯದಲ್ಲಿ ನನಗೆ ಜಾಸ್ತಿ ಹೆದರಿಕೆ ಮೂತ್ರ ಕಟ್ಟುವುದು. ಪದೇ ಪದೇ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತದೆ, ಒಂದು ಹನಿಯೂ ಬರುವುದಿಲ್ಲ. ಮಲಬದ್ಧತೆ ಅಂತ ಮನೆಯವರು ಎಣ್ಣೆ ಕುಡಿಸುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಬೆಳಗಾಗಲಿ ಅನ್ನಬೇಡಿ, ಹೊಟ್ಟೆ ಒತ್ತಲೂಬೇಡಿ.

ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ. ಅರ್ಧ ಮಾತ್ರೆಯೂ ಬೆಕ್ಕಿನ ಜೀವ ತೆಗೆಯಬಹುದು.

ಹೊರಡುವ ಮುಂಚೆ ಕೊನೆಯ ಸಲ ತಿಂದದ್ದು, ಉಚ್ಚೆ ಮಾಡಿದ್ದು ಯಾವಾಗ ಅಂತ ಬರೆದುಕೊಳ್ಳಿ. ಕೆಮ್ಮು, ನಡುಕ ಇದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ರಾತ್ರಿಯಿಡೀ ಕೆಮ್ಮಿದ ನಾಯಿ ಡಾಕ್ಟರ ಮೇಜಿನ ಮೇಲೆ ಒಂದು ಸಲವೂ ಕೆಮ್ಮುವುದಿಲ್ಲ!